ರೊಂದಿನಿಯ ಕರೆ

ಜತ್ತ ಕಡೆಯ ಗಡಿಯೂರು ತಿಕೋಂಡಿಯ ಹುಡುಗಿಯರಿಗೆ ಫುಟ್‌ಬಾಲ್ ಹುಚ್ಚು ಹಿಡಿಸಿದವಳು ಇಟಲಿಯ ಪಾವೊಲಾ. ಕೆರೆ ಹೂಳೆತ್ತಿಸುವ ಸಂಸ್ಥೆಯೊಂದರ ಜೊತೆ ಬಂದವಳು ಎರಡು ವರ್ಷ ಊರಲ್ಲೇ ನಿಂತಳು. ಸಂಜೆಯಾದರೆ ಜೋಳ ಕೊಯ್ದ ಹೊಲದಲ್ಲಿ ಹುಡುಗಿಯರನ್ನು ಓಡಿಸುವಳು. ದಣಿದಾಗ ಸುತ್ತ ಕೂಡಿಸಿಕೊಂಡು, ಹರಕುಮುರುಕು ಮರಾಠಿಯಲ್ಲಿ ತನ್ನೂರಿನ ಹೆಣ್ಣುಮಕ್ಕಳ ತಂಡದ ಕಥೆ ಹೇಳುವಳು. ಅದರ ಹೆಸರು ರೊಂದಿನೆ. ಈ ಹುಡುಗಿಯರ ಬಾಯಲ್ಲಿ ರೊಂದಿನಿ.

ಉಣ್ಣೆ ಗಿರಣಿಯಲ್ಲಿ ದುಡಿಯುವ ಹೆಂಗಸರು ಕಟ್ಟಿದ ತಂಡ. ಪಾವೊಲಾಳ ತಾಯಿಯೂ ಅವರಲ್ಲೊಬ್ಬಳು. ಪಾದ್ರಿ ಬೈದರೂ, ಗಂಡಂದಿರು ಬೂಟು ಬಚ್ಚಿಟ್ಟರೂ ಅವರು ಆಡುವುದನ್ನು ಬಿಡಲಿಲ್ಲ. ಗಿರಣಿಯಲ್ಲಿ ಉಳಿದ ನೂಲು ತಂದು ಅಂಗಿ ತಾವೇ ಹೆಣೆದುಕೊಂಡರು.

"ಬ್ಯಾಸಗ್ಯಾಗೂ ಉಣ್ಣಿ ಅಂಗಿನ? ನಮ್ಮಪ್ಪ ಕಂಬಳಿ ಹೊತ್ತು ಓಡಿದಂಗ ಆತು ನೋಡು!" ಎಂದು ಮನಿಷಾ ಬಿದ್ದುಬಿದ್ದು ನಕ್ಕಿದ್ದಳು.

ಮನಿಷಾ, ಮಂಗಲ ಕುರಿ ಕಾಯುವವನೊಬ್ಬನ ಮಕ್ಕಳು, ಮಂಗಲ ದೊಡ್ಡವಳು. ಮೊದಲು ಇಬ್ಬರೂ ಆಡುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಅಪ್ಪನ ಜೊತೆ ಕುರಿ ಹಿಂದೆ ಒಬ್ಬರು ಹೋಗಲೇಬೇಕಾಯಿತು.

"ನೀ ಆಡು, ಕುರಿ ನಾ ನೋಡ್ಕೋತೀನಿ" ಎಂದಳು ಮಂಗಲ. ತಂಗಿಯ ಕಾಲಿಗೆ ಚೆಂಡು ಸಿಕ್ಕರೆ ಏನಾಗುತ್ತದೆಂದು ಅವಳು ಕಣ್ಣಾರೆ ಕಂಡಿದ್ದಳಲ್ಲ!

ಪಾವೊಲಾ ತನ್ನ ದೇಶಕ್ಕೆ ಮರಳಿದ ಮೇಲೂ ಮನಿಷಾ ಆಡಿದಳು. ಜತ್ತ, ಸಾಂಗ್ಲಿ, ಕೊಲ್ಹಾಪುರ, ಹೋದಲ್ಲೆಲ್ಲ ಗೋಲು. ಒಂದು ದಿನ ಪಾವೊಲಾಳ ಫೋನು ಬಂತು. ರೊಂದಿನೆ ಮನಿಷಾಳನ್ನು ಆಯ್ಕೆಯ ಆಟಕ್ಕೆ ಕರೆದಿತ್ತು.

ಅಪ್ಪ ಅಮೋಗಸಿದ್ದ, "ಬೆಳುಂಕಿಯವ್ರು ವರ್ಷದಿಂದ ಹೆಣ್ಣು ಕೇಳಾಕತ್ತಾರ. ಯುಗಾದಿ ಮಟ ತಡೀತೀನಿ. ಹೋದ್ರ ಹೋಗು, ಇಲ್ಲಾಂದ್ರ ಮದುವಿ" ಎಂದ. ಹಾಗೆಂದವನೇ ಕುರಿಯನ್ನು ಮಂಗಲಳ ಪಾಲಿಗೆ ಬಿಟ್ಟು, ಪಾಸ್‌ಪೋರ್ಟಿಗಾಗಿ ಮಗಳ ಜೊತೆ ತಾನೇ ಊರೂರು ಅಲೆದ.

ಪಾಸ್‌ಪೋರ್ಟು ಕೈಗೆ ಬಂತು. ಮತ್ತೆ ಪಾವೊಲಾಳ ಫೋನು ಬಂದಾಗ ಮನಿಷಾ ನೀರಿಗೆ ಹೋಗಿದ್ದಳು, ಎತ್ತಿದವಳು ಮಂಗಲ. ಪರದೆಯ ಮೇಲೆ ಪಾವೊಲಾಳ ಮುಖ ಅತ್ತತ್ತು ಊದಿಕೊಂಡಿತ್ತು.

"ರೊಂದಿನೆ ಮುಗಿದುಹೋಯಿತು, ಮಂಗಲ."

ಗಿರಣಿ ಮುಚ್ಚಿದಾಗ ತಂಡವನ್ನು ಗಂಡಸರ ಕ್ಲಬ್ಬೊಂದು ವಹಿಸಿಕೊಂಡಿತ್ತು. ಹೆಣ್ಣುಮಕ್ಕಳ ಆಟ ಯಾರಿಗೆ ಬೇಕು ಎಂದು ಈ ಸಲ ಪಂದ್ಯಾವಳಿಗೆ ತಂಡದ ಹೆಸರನ್ನೇ ಕೊಡಲಿಲ್ಲ. ಹಳೆಯ ಆಟಗಾರ್ತಿಯರೆಲ್ಲ ಕ್ಲಬ್ಬಿನ ಬಾಗಿಲಲ್ಲಿ ದಿನವಿಡೀ ನಿಂತರು. ಪಾವೊಲಾಳ ತಾಯಿ ಕೋಲೂರಿಕೊಂಡು ಬಂದಿದ್ದಳು. ಒಳಗಿನಿಂದ ಯಾರೂ ಹೊರಗೆ ಬರಲಿಲ್ಲ.

ತಂಗಿ ಕೊಡ ಇಳಿಸುವ ತನಕ ಕಾದು ಮಂಗಲ ಸುದ್ದಿ ಹೇಳಿದಳು. ಮನಿಷಾ ಅಳಲಿಲ್ಲ.

"ಪಾವೊಲಾನ ಅವ್ವ ಹ್ಯಾಂಗದಾಳಂತ?" ಎಂದಷ್ಟೇ ಕೇಳಿದಳು.

ಅಮೋಗಸಿದ್ದನೇ ತಡೆಯಲಾರದೆ, "ಇನ್ನೊಂದು ವರ್ಷ ನೋಡೂಣೇನವ್ವಾ?" ಎಂದ.

"ಯಾರ ದಾರಿ ನೋಡ್ತಿ ಯಪ್ಪಾ?"

ಯುಗಾದಿಯ ಬೆನ್ನಿಗೇ ಮದುವೆಯಾಯಿತು.

ಮರುವರ್ಷ ತಿಕೋಂಡಿಯ ಸಣ್ಣ ಹುಡುಗಿಯರು ಮಂಗಲಳಿಗೆ ಗಂಟುಬಿದ್ದರು: ನಿನ್ನ ತಂಗಿಯನ್ನು ಕರೆಸು, ನಮಗೂ ಕಲಿಸಲಿ. ಮಂಗಲ ಬೆಳುಂಕಿಗೆ ಹೋದಳು. ಮನಿಷಾ ರೊಟ್ಟಿ ಬಡಿಯುತ್ತಿದ್ದಳು. ತೊಟ್ಟಿಲಲ್ಲಿ ಹೆಣ್ಣು ಕೂಸು.

"ಐತವಾರಕ್ಕೊಮ್ಮೆ ಬಂದು ಕಲಸಬಾರದ? ನಿನ್ನ ಗಂಡ ಬ್ಯಾಡ ಅನ್ನಂಗಿಲ್ಲ."

"ಅಂವ ಅನ್ನಂಗಿಲ್ಲಕ್ಕ." ರೊಟ್ಟಿ ಬಡಿಯುವ ಕೈ ನಿಂತಿತು. "ಕಲತು ಎಲ್ಲಿಗಿ ಹೋಗ್ತಾರ ಅವ್ರು? ಕಾಲು ಈಗೂ ಕನಸಿನ್ಯಾಗ ಓಡ್ತಾವ ನನಗ. ಎಚ್ಚರಾದ್ರ ಸಾಕಪ್ಪಾ ಅನಸ್ತದ. ಆ ಹುಡುಗ್ಯಾರಿಗಿ ಯಾಕ ಹಚ್ಚೂದು ಇದನ್ನ?"

ಹಾಗಾದರೆ ನಾನು ಕುರಿ ಹಿಂದೆ ಹೋದದ್ದು ಯಾತಕ್ಕೆ ಎಂದು ಮಂಗಲ ಕೇಳಬೇಕೆಂದಿದ್ದಳು. ಕೇಳದೆ ಎದ್ದು ನಿಂತಳು. ತಂಗಿ ಬಸ್ಸಿನವರೆಗೆ ಬಂದು, ಬುತ್ತಿ ಕೈಗಿಟ್ಟು, ಕೂಸು ಅಳುತ್ತದೆಂದು ಲಗುಬಗೆಯಿಂದ ತಿರುಗಿ ಹೋದಳು.

ಬಸ್ಸಿಳಿದಾಗ ಹೊತ್ತು ಇಳಿಯುತ್ತಿತ್ತು. ಹುಡುಗಿಯರು ಕಾಯುತ್ತಿದ್ದ ಹೊಲದ ದಾರಿ ಬಿಟ್ಟು, ಮಂಗಲ ಹಳ್ಳದ ಕಡೆಯಿಂದ ಸುತ್ತಿ ಮನೆ ಸೇರಿದಳು.