ಗ್ಯಾಲಕ್ಸಿಗೊಂದು ಶಾಲು

ಮುಡಬಿಯ ಮಯೂರಿ ಒಂದು ಗ್ಯಾಲಕ್ಸಿ ಹುಡುಕಿದಳು ನೋಡ್ರಿ. ಹುಮನಾಬಾದಿನ ತನ್ನ ಕಾಲೇಜಿನ ಕಂಪ್ಯೂಟರಿನಾಗ ದೊಡ್ಡ ದೂರದರ್ಶಕದ ಫೋಟೊಗಳನ್ನ ನಾಲ್ಕು ತಿಂಗಳು ಜಾಲಾಡಿ, ಯಾರೂ ಗುರುತು ಹಾಕದ ಒಂದು ಮಸುಕು ಹಿಡಿದಳು. ಹಿಗ್ಗಿಸಿ ನೋಡಿದರ ಎರಡು ಸುರುಳಿ ತೋಳು. ವಿಜ್ಞಾನಿಗಳು ಪರೀಕ್ಷೆ ಮಾಡಿ, "ಹೌದು, ಭಾಳ ದೂರದ ಸುರುಳಿ ಗ್ಯಾಲಕ್ಸಿ, ನಿಮ್ಮದೇ ಶೋಧ" ಅಂತ ಪತ್ರ ಬರೆದರು.

ಪತ್ರ ಬಂದದ್ದೇ ತಡ, ಕಾಲೇಜಿನ ಪ್ರಾಚಾರ್ಯ ಕಲ್ಲಿನಾಥ ಸರ್‌ಗೆ ಎಚ್ಚರಾತು. "ಸುಮ್ಮನ ಕರೆಂಟ್ ಸುಡಾಕತ್ತಿ" ಅಂತ ದಿನಾ ಬೈದಿದ್ದ ಪುಣ್ಯಾತ್ಮ ಈಗ "ನಮ್ಮದೇ ಮಾರ್ಗದರ್ಶನ" ಅಂತ ಎದಿ ಉಬ್ಬಿಸಿದರು. ಬಸವಕಲ್ಯಾಣದಾಗ ಸತ್ಕಾರ ಗೊತ್ತಾತು. ಗ್ಯಾಲಕ್ಸಿಯ ಫೋಟೊ ದೊಡ್ಡದು ಮಾಡಾಕ ಮಾಣಿಕನಗರದ ಫ್ಲೆಕ್ಸ್ ಅಂಗಡಿ ತುಳಜಾರಾಮಗ ಕೊಟ್ಟರು.

ಮಯೂರಿಗೆ ಹಾರ-ತುರಾಯಿ ಬೇಕಿರಲಿಲ್ಲ. ಅವ್ವ ಸುಗಂಧಾ ಹೇಳಿದ್ದಳು: "ನಿಮ್ಮ ಮಾವ ವರ ನೋಡ್ಯಾನ. ಕಲಬುರಗಿಗೆ ಹೋಗಿ ಮುಂದ ಓದಬೇಕಂದ್ರ, ನೀ ಹುಡುಕಿದ್ದು ಖರೇ ಅದನೋ ಇಲ್ಲೋ ನಾ ಕಣ್ಣಾರೆ ನೋಡಬೇಕು." ಮೊಬೈಲಿನಾಗ ತೋರಿಸಿದರ ಆ ಮಸುಕು ಅವ್ವನ ಕಣ್ಣಿಗೆ ಹತ್ತಲಿಲ್ಲ. ಅದಕ್ಕ ದೊಡ್ಡ ಫೋಟೊದಾಗ ನೋಡಾಕ ಸತ್ಕಾರದ ದಿನ ತೊಗರಿ ಕೊಯ್ಯೋದು ಬಿಟ್ಟು ಬಂದು ಮುಂದಿನ ಸಾಲಿನಾಗ ಕೂತಿದ್ದಳು.

ಪರದೆ ಸರೀತು. ಫ್ಲೆಕ್ಸಿನ ಮ್ಯಾಲ ಹದಿನಾಲ್ಕು ಮುಖಂಡರ ಮಾರಿ, ಕೆಳಗ ಕೈ ಮುಗಿದ ಕಲ್ಲಿನಾಥ ಸರ್. ನಡುವ ಕರಿ ಆಕಾಶ. ಗ್ಯಾಲಕ್ಸಿ ಇಲ್ಲ.

ಮಯೂರಿ ವೇದಿಕೆಯ ಅಂಚಿಗೆ ಓಡಿದಳು. ಬದಿಗೆ ನಿಂತಿದ್ದ ತುಳಜಾರಾಮಗ ಕೇಳಿದಳು, "ಅಣ್ಣಾ, ನಡುವ ಒಂದು ಮಸುಕು ಇತ್ತಲ್ಲ?"

"ಕಲೆ ಏನವಾ? ಸಾಫ್ ಮಾಡೀನಿ. ಮದುಮಕ್ಕಳ ಮಾರಿ ಮ್ಯಾಲಿನ ಮೊಡವಿ ತೆಗಿತೀನಲ್ಲ, ಹಂಗ. ಪುಕ್ಕಟ," ಅಂದ.

ಅಷ್ಟರಾಗ ಭಾಷಣ ಶುರುವಾಗಿತ್ತು. ಕಲ್ಲಿನಾಥ ಸರ್ ಖಾಲಿ ಕತ್ತಲಿಗೆ ಕೋಲು ಹಚ್ಚಿ, "ನೋಡ್ರಿ, ಸುರುಳಿ ಎಷ್ಟು ಚಂದ ಕಾಣಾಕತ್ತದ" ಅಂದರು. ಮುಖ್ಯ ಅತಿಥಿಗಳು ಕನ್ನಡಕ ಏರಿಸಿ, "ಎದ್ದು ಕಾಣಾಕತ್ತದ್ರಿ" ಅಂತ ಸರ್‌ಗೆ ಶಾಲು ಹೊದಿಸಿದರು. ಸಭೆ ಚಪ್ಪಾಳಿ ಹೊಡೀತು. ಇಲ್ಲದ ಗ್ಯಾಲಕ್ಸಿಗೆ ಇಷ್ಟು ಮರ್ಯಾದಿ ಸಿಕ್ಕದ್ದು ಜಗತ್ತಿನಾಗ ಇದೇ ಮೊದಲಿರಬೇಕು.

ಅವ್ವ ಎದ್ದು ಫ್ಲೆಕ್ಸಿಗೆ ಮೂಗು ಹತ್ತುವಷ್ಟು ಹತ್ತಿರ ಹೋಗಿ, ಮ್ಯಾಲಿಂದ ಕೆಳತನಕ ನೋಡಿದಳು. ಕಲಬುರಗಿ ಮುಗೀತು ಅಂತ ಮಯೂರಿಗೆ ಅಳು ಬಂತು.

"ಸರ, ಇಲ್ಲಿ ಏನೂ ಇಲ್ಲಲ್ರಿ," ಅಂದಳು ಅವ್ವ.

"ನಿಮಗ ಕಾಣಂಗಿಲ್ಲ ತಾಯಿ, ಅದಕ್ಕ ಓದಿರಬೇಕು," ಸರ್ ನಕ್ಕರು.

ಅವ್ವ ಮಗಳ ಕಡೆ ತಿರುಗಿದಳು. "ನೀ ಓದೀದಿ. ಹೇಳು, ಅದನೋ ಇಲ್ಲೋ?"

ಹೌದು ಅಂದರ ಸಾಕಿತ್ತು. ಸರ್ ಕಣ್ಣಿನಾಗೇ "ಹೌದು ಅನ್ನು" ಅಂತಿದ್ದರು.

"ಇಲ್ಲವ್ವ. ಅಳಿಸ್ಯಾರ," ಅಂದಳು ಮಯೂರಿ.

ಅವ್ವ ಸೆರಗು ಸರಿ ಮಾಡಿಕೊಂಡು ಮಗಳ ಕೈ ಹಿಡಿದಳು. "ಓದಿದವರೊಳಗ ಇಲ್ಲದ್ದನ್ನ ಇಲ್ಲ ಅಂದಾಕಿ ನೀ ಒಬ್ಬಾಕಿ. ಅಂದ್ರ ನೀ ಅದ ಅಂದದ್ದು ಖರೇನ ಅದ. ಕಲಬುರಗಿಗೆ ಅರ್ಜಿ ಹಾಕು, ಮಾವಗ ನಾ ಹೇಳ್ತೀನಿ."