ಬಿಸಿಲಿಗಿಟ್ಟ ಕಾರ್ಡು

ಒಂದು ಗಳಿಗೆ ಕೈಕೆಲಸ ಬಿಟ್ಟು ಕೂತುಕೊಳ್ಳಿ. ಕೊಣ್ಣೂರಿನ ಖಾಜಾಬಿಯ ಕಥೆ ಪೂರ್ತಿ ಕೇಳಿಯೇ ಏಳಿ. ಗೋವಿನಜೋಳ, ಅಂದರೆ ಮೆಕ್ಕೆಜೋಳ, ಬೆಳೆಯುವವರಂತೂ ಕೇಳಲೇಬೇಕು.

ಖಾಜಾಬಿಯ ಗಂಡ ಮದರಸಾಬ ಗೋವಾಕ್ಕೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದ. ಹೊಳೆದಂಡೆಯ ಹೊಲ ಇವಳೊಬ್ಬಳ ಪಾಲಿಗಿತ್ತು. ಹೋದ ಬೇಸಿಗೆಯಲ್ಲಿ ಬೆಳೆ ತಿನ್ನುವ ಲದ್ದಿಹುಳಕ್ಕೆ ಬೆನ್ನಿನ ಪಂಪಿನಿಂದ ಔಷಧ ಹೊಡೆಯುತ್ತ ತಲೆಸುತ್ತಿ ಬಿದ್ದಿದ್ದಳು. ಎಚ್ಚರಾದಾಗ ಹತ್ತಿರ ಎಮ್ಮೆಯೊಂದೇ ಮೇಯುತ್ತಿತ್ತು. ತಾನೇ ಎದ್ದು ಮನೆಗೆ ಬಂದಳು. ಯಾರಿಗೂ ಹೇಳಲಿಲ್ಲ.

ಈ ಸಲ ಮತ್ತೆ ಹುಳ ಕಾಣಿಸಿತು. ಅದೇ ಓಣಿಯ ಅನಿತಾ ಮಹಿಳಾ ಸಂಘದ ಕೃಷಿ ಸಖಿ, ರೈತರಿಗೆ ಬೆಳೆಯ ಸಲಹೆ ಕೊಡುವವಳು. ಅವಳು ಟ್ರೈಕೋಗ್ರಾಮಾ ಕಾರ್ಡು ತಂದುಕೊಟ್ಟಳು. ಅದರ ತುಂಬ ಗಸಗಸೆಯಷ್ಟು ಸಣ್ಣ ಕಪ್ಪು ಚುಕ್ಕೆ.

"ಇದರಾಗ ಸಣ್ಣ ಕಣಜದ ಹುಳ ಅದಾವ್ರಿ ಅಕ್ಕಾ. ಹೊರಗ ಬಂದು ಲದ್ದಿಹುಳದ ತತ್ತಿಯೊಳಗ ತಮ್ಮ ತತ್ತಿ ಇಡತಾವ. ಲದ್ದಿಹುಳ ಹುಟ್ಟೂದ ಇಲ್ಲ."

"ನಮಗ ಕಡಿಯೂದಿಲ್ಲೇನ?"

"ಕಣ್ಣಿಗೇ ಕಾಣೂದಿಲ್ಲ, ಇನ್ನ ಕಡಿಯೂದೆಲ್ಲಿ?"

ಬಸ್ಸು ಬಂತೆಂದು ಅನಿತಾ, ಹೊಲದಲ್ಲಿ ಕಟ್ಟಬೇಕೆಂದಷ್ಟೇ ಹೇಳಿ, ಅರ್ಧ ಮಾತಿಗೇ ರೋಣಕ್ಕೆ ಓಡಿದಳು. ಖಾಜಾಬಿಗೆ ಅದು ಬೀಜದ ಹಾಗೆ ಕಂಡಿತು. ಬಿತ್ತುವ ಮೊದಲು ಬೀಜಕ್ಕೆ ಬಿಸಿಲು ತೋರಿಸುವುದು ಅತ್ತೆ ಕಲಿಸಿದ ಪದ್ಧತಿ. ಮಾಳಿಗೆ ಮೇಲೆ ಮೊರದಲ್ಲಿಟ್ಟು ಒಣಗಿಸಿ, ಮರುದಿನ ಮಟಮಟ ಮಧ್ಯಾಹ್ನ ಹೊಲದಲ್ಲಿ ಕಟ್ಟಿದಳು.

ಒಂದು ಕಣಜವೂ ಹೊರಗೆ ಬರಲಿಲ್ಲ. ಗಿಡದ ಸುಳಿಯಲ್ಲಿ ಲದ್ದಿಹುಳ ಹೆಚ್ಚಿತು. ಪಕ್ಕದ ಹೊಲದ ನಿಂಗಪ್ಪ ನಕ್ಕ. "ಏನವಾ, ಹುಳಕ್ಕ ಚೀಟಿ ಕಟ್ಟೀದಿ, ಅವಕ್ಕ ಓದಾಕ ಬರ್ತೇತೇನ?"

ಗಂಡನೂ ಫೋನಿನಲ್ಲಿ ಕಾರ್ಡು ನಂಬಲಿಲ್ಲ. "ಎಲ್ಲಾರೂ ಔಷಧ ಹೊಡ್ಯಾಕತ್ತಾರ. ನೀನೂ ಹೊಡಿ."

"ಹೂಂ" ಎಂದು ಫೋನಿಟ್ಟಳು. ಮನೆಯಲ್ಲಿ ಅವಳ ಮಾತು ಕೇಳುವವರು ಬೇರೆ ಯಾರೂ ಇರಲಿಲ್ಲ.

ಅನಿತಾ ಬಂದು ಕಾರ್ಡು ನೋಡಿ ಕೇಳಿದಳು. "ಬಿಸಲಿಗೆ ಇಟ್ಟಿದ್ರೇನ ಅಕ್ಕಾ? ಇದು ಬೀಜ ಅಲ್ರಿ, ಒಳಗ ಜೀವ ಐತಿ. ಉರಿಬಿಸಲಿಗೆ ಒಳಗ ಸಾಯ್ತಾವ. ಹೊರಗ ಬಂದ್ರೂ ಭಾಳ ಬದಕೂದಿಲ್ಲ, ತತ್ತಿನೂ ಕಡಿಮಿ ಇಡತಾವ. ನಾನೂ ಹೇಳದ ಓಡಿದೆ, ನಂದೂ ತಪ್ಪೈತಿ."

"ಸಾಕ ಬಿಡವಾ. ನಾಳೆ ಪಂಪ ಹೊರತೇನಿ." ಖಾಜಾಬಿ ಸತ್ತ ಕಾರ್ಡು ಬಿಚ್ಚುತ್ತ ಅಂದಳು, "ಹೋದ ವರ್ಷ ಔಷಧ ಹೊಡಿಯೂವಾಗ ತಲಿ ತಿರಗಿ ಬಿದ್ದಿದ್ದೆ."

"ಅಯ್ಯ, ಮತ್ತ ಯಾಕ ಹೇಳಲಿಲ್ರಿ?"

"ಯಾರ ಕೇಳಿದ್ರು?"

ಅನಿತಾ "ಪಂಪ ಬ್ಯಾಡ್ರಿ, ಹೊಸ ಕಾರ್ಡ ತರತೇನಿ" ಎಂದು ಸೆರಗು ಸಿಕ್ಕಿಸಿಕೊಂಡು ಸಾಲಿಗಿಳಿದಳು. ಸುಳಿಯಲ್ಲಿದ್ದ ಹುಳಗಳನ್ನು ಇಬ್ಬರೂ ಕೈಯಿಂದಲೇ ಆರಿಸಿದರು. ಹೊಸ ಕಾರ್ಡನ್ನು ತಂಪು ಕೋಣೆಯಲ್ಲಿಟ್ಟು, ಹೊತ್ತು ಇಳಿದ ಮೇಲೆ ಎಲೆಗಳ ಕೆಳಗೆ, ನೆರಳಿಗೆ ಕಟ್ಟಿದರು.

ಕೆಲವು ದಿನಕ್ಕೆ ಎಲೆಯಡಿಯ ಲದ್ದಿಹುಳದ ತತ್ತಿಗಳು ಕಪ್ಪಾಗಿದ್ದವು. ಲದ್ದಿಹುಳದ ಮರಿ ಹೊರಬಂದಿರಲಿಲ್ಲ, ಒಳಗೆ ಕಣಜ ಬೆಳೆಯುತ್ತಿತ್ತು. ಖಾಜಾಬಿ ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದಳು, ಬಿದ್ದದ್ದನ್ನೂ. ಅವನೆಂದ, "ಪಂಪ ಮುಟ್ಟಬ್ಯಾಡ. ಇನ್ನೊಂದ ಕಾರ್ಡ ತರಸು."

ಅಕ್ಕಂದಿರೇ, ಅಣ್ಣಂದಿರೇ, ಕಾರ್ಡು ಬಂದರೆ ತಂಪಿನಲ್ಲಿಡಿ, ಸಂಜೆ ಕಟ್ಟಿ, ಕಟ್ಟಿದ ಹೊಲಕ್ಕೆ ಔಷಧ ಹೊಡೆಯಬೇಡಿ. ಪಕ್ಕದ ಹೊಲದಲ್ಲಿ ಒಬ್ಬಳೇ ದುಡಿಯುವವಳಿದ್ದರೆ ಮಾತಾಡಿಸಿ. ಮೊದಲ ಕಾರ್ಡು ಸತ್ತು, ನೆರೆಯವರು ನಕ್ಕು, ಮನೆಯಲ್ಲಿ ಕೇಳುವವರೇ ಇಲ್ಲದಾಗ, ಖಾಜಾಬಿಯ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?