ಅಮ್ಮನ ಮುಖ

ಅಕ್ಷರದೊಳಗೆ ಅರ್ಥವಾಗಿ, ನಾಲಿಗೆಯ ಮೇಲೆ ಸವಿಯಾಗಿ ನೆಲೆಸಿದ ತಾಯಿಗೆ ಮೊದಲು ಕೈ ಮುಗಿಯುತ್ತೇನೆ. ಈ ಕಥೆಯಲ್ಲಿ ಆಕೆಯೂ ಬರುತ್ತಾಳೆ. ತಪ್ಪು ಹೇಳಿದರೆ ತಿದ್ದಲಿ. ಸರಿ ಹೇಳಿದರೆ ಅದು ಆಕೆಯದೇ.

ಒಂದು ಪಟ್ಟಣವಿತ್ತು. ಅಲ್ಲಿಯ ಹಿರಿಯರು ಯಾವ ಕಾಲದಲ್ಲೋ ‘ತುಂಬಿದ ತೆನೆ ಬಾಗುತ್ತದೆ’ ಎಂಬ ಮಾತನ್ನು ಕೇಳಿ ಬಹಳ ಮೆಚ್ಚಿಕೊಂಡರು. ಮೆಚ್ಚಿದ್ದು ಒಳ್ಳೆಯದೇ. ಆದರೆ ಬಾಗಬೇಕಾದದ್ದು ಮನಸ್ಸೋ ಬೆನ್ನೋ ಎಂದು ಯಾರೂ ಕೇಳಲಿಲ್ಲ. ಮನಸ್ಸು ಕಣ್ಣಿಗೆ ಬೀಳುವುದಿಲ್ಲ, ಬೆನ್ನು ಬೀಳುತ್ತದೆ. ಹಾಗಾಗಿ ಬೆನ್ನನ್ನೇ ಆರಿಸಿಕೊಂಡರು.

ಅಂದಿನಿಂದ ಆ ಊರಿನಲ್ಲಿ ಬೆನ್ನು ಬಾಗಿದಷ್ಟೂ ವಿದ್ಯಾವಂತ ಎಂದಾಯಿತು. ಪಾಠಶಾಲೆಯ ಮಕ್ಕಳು ಓದುವ ಪುಸ್ತಕ, ಓದಿ ಮುಗಿಸಿದ ಪುಸ್ತಕ, ಮುಂದೆಂದೋ ಓದಬೇಕಾದ ಪುಸ್ತಕ ಎಲ್ಲವನ್ನೂ ದಿನವೂ ಬೆನ್ನ ಮೇಲೆ ಹೊತ್ತು ಬರುತ್ತಿದ್ದರು. ಬರೆಯುವ ಮಣೆಗಳು ಎಷ್ಟು ತಗ್ಗೆಂದರೆ, ಸಂಜೆ ಮನೆಗೆ ಹೋಗುವ ಮಕ್ಕಳ ಮೂಗಿನ ತುದಿಯಲ್ಲಿ ಮಸಿ ಇರುತ್ತಿತ್ತು. ಹೆಣ್ಣು ಕೊಡುವವರು, “ಹುಡುಗ ಎಷ್ಟು ಓದಿದ್ದಾನೆ?” ಎಂದು ಕೇಳುತ್ತಿರಲಿಲ್ಲ. “ಎಷ್ಟು ಬಾಗಿದ್ದಾನೆ?” ಎನ್ನುತ್ತಿದ್ದರು.

ಪಾಠಶಾಲೆಯ ನಡುಮನೆಯಲ್ಲಿ ವಿದ್ಯೆಯ ತಾಯಿಯ ಎತ್ತರದ ಕಲ್ಲುಮೂರ್ತಿ ನಿಂತಿತ್ತು. ಬಾಗಿದವರ ಕಣ್ಣಿಗೆ ಕಾಣುತ್ತಿದ್ದುದು ಅದರ ಪಾದ ಮಾತ್ರ. ಅಮ್ಮನ ಪಾದದ ಮೇಲೆ ಆ ಊರಿನಲ್ಲಿ ಇದ್ದಷ್ಟು ಹಾಡುಗಳು ಬೇರೆಲ್ಲೂ ಇರಲಿಲ್ಲ. ಮುಖದ ಮೇಲೆ ಒಂದೂ ಇರಲಿಲ್ಲ.

ಆ ಪಾಠಶಾಲೆಯಲ್ಲಿ ತಾರಿಣಿ ಎಂಬ ಹುಡುಗಿ ಓದುತ್ತಿದ್ದಳು. ಅವಳಿಗೆ ಚಂಪಿ ಎಂಬ ಪುಟ್ಟ ತಂಗಿ. ವಿಜಯದಶಮಿಗೆ ಚಂಪಿಯ ಅಕ್ಷರಾಭ್ಯಾಸವೆಂದು ನಿಶ್ಚಯವಾಗಿತ್ತು. ಅವ್ವ ಆಗಲೇ ದೊಡ್ಡದೊಂದು ಚೀಲ ಹೊಲಿಯುತ್ತ ಕೂತಿದ್ದಳು.

“ಅಕ್ಕಾ, ನಾನೂ ನಿನ್ನ ಹಂಗೆ ನೆಲ ನೋಡ್ಕೊಂಡೇ ನಡೀಬೇಕಾ?” ಎಂದಳು ಚಂಪಿ.

“ಹೂಂ. ಜಾಣೆ ಆಗ್ಬೇಕಲ್ಲ.”

“ಹಂಗಾದ್ರೆ ಗಾಳಿಪಟ ಯಾರು ಹಾರಿಸ್ತಾರೆ?”

ತಾನು ಕಡೆಯ ಸಲ ಗಾಳಿಪಟ ನೋಡಿದ್ದು ಯಾವಾಗ ಎಂಬುದೇ ತಾರಿಣಿಗೆ ನೆನಪಾಗಲಿಲ್ಲ. ಇವಳೊಬ್ಬಳಾದರೂ ಹೀಗಾಗಬಾರದು ಎಂದು ಮನಸ್ಸಿನಲ್ಲೇ ಅಮ್ಮನಿಗೆ ಮೊರೆಯಿಟ್ಟಳು.

ನವರಾತ್ರಿ ಬಂತು. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟಬಾರದೆಂಬುದು ಎಲ್ಲ ಕಡೆಯ ವಾಡಿಕೆ. ಆ ಊರಿನಲ್ಲೂ ಮಕ್ಕಳು ತಮ್ಮ ಚೀಲಗಳನ್ನೆಲ್ಲ ಅಮ್ಮನ ಮುಂದೆ ಇಳಿಸಿ ಹೋದರು. ಇದು ಹಿರಿಯರ ಏರ್ಪಾಡು ಎಂದು ಜನ ತಿಳಿದಿದ್ದಾರೆ. ತಾಯಿಯೇ ಮಾಡಿಕೊಂಡ ಏರ್ಪಾಡು ಎಂದು ನನ್ನ ನಂಬಿಕೆ. ಹೊರೆ ಇಲ್ಲದ ಎಳೆಯ ಬೆನ್ನು ಸುಮ್ಮನಿರುತ್ತದೆಯೇ? ನೀರು ಕಂಡ ಬಳ್ಳಿಯ ಹಾಗೆ ತಾರಿಣಿಯ ಬೆನ್ನು ದಿನದಿನಕ್ಕೆ ಮೇಲೇಳುತ್ತ ಬಂತು.

ಮಹಾನವಮಿಯ ದಿನ ಮಂಗಳಾರತಿ ನಡೆಯುತ್ತಿದ್ದಾಗ ಅವಳು ಕತ್ತೆತ್ತಿದಳು. ಎತ್ತಿದವಳು ಹಾಗೆಯೇ ನಿಂತುಬಿಟ್ಟಳು.

“ಅಮ್ಮ ನಗ್ತಾ ಇದಾಳೆ!”

“ಯಾರು, ನಿಮ್ಮಮ್ಮನಾ?” ಎಂದರು ದೊಡ್ಡ ಗುರುಗಳು. ಊರಿನಲ್ಲೇ ಅತಿ ಹೆಚ್ಚು ಬಾಗಿದವರು ಅವರು.

“ಅಲ್ಲ ಗುರುಗಳೇ, ಈ ಅಮ್ಮ. ಬೆನ್ನು ನೆಟ್ಟಗಿದೆ. ವೀಣೆ ಹಿಡಿದಿದಾಳೆ. ಪುಸ್ತಕ ಒಂದೇ ಒಂದು.”

“ಒಂದೇ? ಸರಿಯಾಗಿ ಎಣಿಸು.”

“ಒಂದನ್ನ ಏನಂತ ಎಣಿಸ್ಲಿ ಗುರುಗಳೇ?”

ಪಂಡಿತರೆಲ್ಲ ತಲೆಯೆತ್ತಲು ನೋಡಿದರು. ಕತ್ತುಗಳು ಲಟಲಟ ಎಂದವೇ ಹೊರತು ಮೇಲೆ ಬರಲಿಲ್ಲ. ಕೊನೆಗೆ ದೊಡ್ಡ ಗುರುಗಳು ಅಂಗಾತ ಮಲಗಿ ನೋಡುವುದೆಂದು ನಿರ್ಧಾರವಾಯಿತು. ಮಲಗಿದರು. ಬಾಗಿದ ಬೆನ್ನು ನೆಲಕ್ಕೆ ಕೂರದೆ ತೊಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ತೂಗಿತು. ಯಾರೋ ಮಗು, “ಜೋ ಜೋ” ಎಂದಿತು. ಇಬ್ಬರು ಉಪಾಧ್ಯಾಯರು ಅವರ ಭುಜ ಹಿಡಿದು ನಿಲ್ಲಿಸಿದರು.

ದೊಡ್ಡ ಗುರುಗಳು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಕಣ್ಣೀರು ಕಿವಿಯ ಕಡೆಗೆ ಹರಿಯಿತು.

“ಹೌದು,” ಎಂದರು. “ಮಗು ಹೇಳಿದ್ದು ನಿಜ.”

ಆಗ ತಾರಿಣಿ ಧೈರ್ಯ ಮಾಡಿದಳು. “ಗುರುಗಳೇ, ಪುಸ್ತಕಗಳು ಈಗಿರೋ ಹಾಗೆ ಅಮ್ಮನ ಹತ್ರವೇ ಇರಲಿ. ನಾವು ಇಲ್ಲಿಗೇ ಬಂದು ಓದ್ತೀವಿ. ಮಣೆ ಸ್ವಲ್ಪ ಎತ್ತರ ಮಾಡ್ಸಿ. ಇನ್ನು ಮೇಲೆ ನನ್ನ ತಂಗಿ ಬರ್ತಾಳೆ. ಅವಳ ಬೆನ್ನು ಬಾಗಿಸಬೇಡಿ.”

“ತುಂಬಿದ ತೆನೆ ಬಾಗಬೇಡವೇನಮ್ಮ?” ಎಂದು ಒಬ್ಬ ಪಂಡಿತರು ಕೊಂಕು ನುಡಿದರು.

“ಬಾಗೋದು ತೆನೆ ತಾನೇ ಸ್ವಾಮಿ? ದಂಟೂ ಬಾಗಿದ್ರೆ ಪೈರು ನೆಲಕಚ್ಚಿತು ಅಂತಾರೆ ನಮ್ಮಪ್ಪ.”

ಮಲಗಿದ್ದಲ್ಲಿಂದಲೇ ದೊಡ್ಡ ಗುರುಗಳು ಕೈಯೆತ್ತಿ ಪಂಡಿತರನ್ನು ಸುಮ್ಮನಾಗಿಸಿದರು. “ಅಮ್ಮನ ಮುಖದಾಣೆ ಮಗು, ನಿನ್ನ ತಂಗಿಯ ಬೆನ್ನಿಗೆ ನಾನು ಹೊಣೆ. ಅವಳ ಅಕ್ಷರಾಭ್ಯಾಸ ಮುಂದಿನ ವರ್ಷವಾಗಲಿ. ಅಷ್ಟರಲ್ಲಿ ಇದಕ್ಕೊಂದು ದಾರಿ ಮಾಡ್ತೀನಿ.”

ಮಾತು ಮನಸ್ಸಿನಿಂದಲೇ ಬಂದಿತ್ತು. ಅವರು ಸಜ್ಜನರು, ಅದರಲ್ಲಿ ನನಗೆ ಸಂಶಯವಿಲ್ಲ.

ಮರುದಿನವೇ ಪಂಡಿತರ ಸಭೆ ಸೇರಿತು. ತಾಯಿಯ ಬೆನ್ನು ನೆಟ್ಟಗಿರುವಾಗ ಮಕ್ಕಳ ಬೆನ್ನೂ ನೆಟ್ಟಗಿರಲೇಬೇಕೆಂದು ಎಲ್ಲರೂ ಒಮ್ಮತದಿಂದ ಒಪ್ಪಿದರು. ಹೇಗೆ ಕೂರಬೇಕು, ಹೇಗೆ ನಿಲ್ಲಬೇಕು, ಎಷ್ಟು ಹೊರಬೇಕು ಎಂದು ಶಾಸ್ತ್ರ ಬರೆಯಲು ಅದೇ ತಗ್ಗು ಮಣೆಗಳ ಮುಂದೆ ಕುಳಿತರು. ಶಾಸ್ತ್ರ ಮುಗಿಯುವ ತನಕ ಇದ್ದ ಕ್ರಮವೇ ಇರಲಿ ಎಂದು ಮಕ್ಕಳು ಚೀಲ ಹೊತ್ತರು. ತಾರಿಣಿಯೂ ಹೊತ್ತಳು, ತಂಗಿಗಾಗಿ ಒಂದು ವರ್ಷ ತಾನೇ ಎಂದುಕೊಂಡಳು. ಅವಳ ಕಣ್ಣು ಮತ್ತೆ ಪಾದಕ್ಕಿಳಿಯಿತು.

ಮುಂದಿನ ವಿಜಯದಶಮಿಯ ವೇಳೆಗೆ ಗ್ರಂಥ ಸಿದ್ಧವಾಯಿತು. ‘ನೆಟ್ಟ ಬೆನ್ನಿನ ಶಾಸ್ತ್ರ’ ಎಂದು ಹೆಸರು. ವಿಷಯ ದೊಡ್ಡದು, ಗ್ರಂಥವೂ ದೊಡ್ಡದು. ಬಾಳಿಕೆ ಬರಲೆಂದು ಹಲಸಿನ ಹಲಗೆಯ ರಟ್ಟು ಹಾಕಿಸಿದ್ದರು. ಒಂದು ಮಗುವೂ ಅದನ್ನು ಮನೆಯಲ್ಲಿ ಬಿಟ್ಟು ಬರಕೂಡದೆಂದು ಕಟ್ಟಪ್ಪಣೆಯಾಯಿತು.

ಚಂಪಿ ತಟ್ಟೆಯ ಅಕ್ಕಿಯ ಮೇಲೆ ಬೆರಳಿನಿಂದ ‘ಶ್ರೀ’ ತಿದ್ದಿದಳು. ಆಮೇಲೆ ಅವ್ವ ಹೊಲಿದ ಚೀಲಕ್ಕೆ ಎಲ್ಲ ಪುಸ್ತಕ ತುಂಬಿ, ಮೇಲೆ ಹೊಸ ಗ್ರಂಥವನ್ನಿಟ್ಟು, ದೊಡ್ಡ ಗುರುಗಳೇ ಅದನ್ನು ಪ್ರೀತಿಯಿಂದ ಅವಳ ಬೆನ್ನಿಗೇರಿಸಿದರು. ಅವಳು ಮುಗ್ಗರಿಸುತ್ತ ಮೂರ್ತಿಯ ಮುಂದೆ ಬಂದು ನಿಂತಳು.

“ಅಕ್ಕಾ, ಬರೀ ಕಾಲು ಕಾಣ್ತಿದೆ. ನಗೋ ಮುಖ ಎಲ್ಲಿ?”

ತಾರಿಣಿ ಬಾಯಿ ತೆರೆಯುವ ಮೊದಲೇ ದೊಡ್ಡ ಗುರುಗಳು ಅಕ್ಕರೆಯಿಂದ ಹೇಳಿದರು: “ಗ್ರಂಥದ ಮೊದಲನೇ ಪುಟ ತೆಗಿಯಮ್ಮ. ಅಮ್ಮನ ಮುಖದ ಚಿತ್ರ ಅಲ್ಲೇ ಬರೆಸಿದ್ದೀವಿ. ನಿಮಗಿನ್ನು ಕತ್ತೆತ್ತೋ ಕಷ್ಟವೇ ಇಲ್ಲ.”

ಚಂಪಿ ಗ್ರಂಥವನ್ನು ನೆಲದ ಮೇಲೆ ಬಿಚ್ಚಿಟ್ಟು, ಅಮ್ಮನ ಮುಖ ನೋಡಲು ಇನ್ನಷ್ಟು ಬಾಗಿದಳು.

ಮೇಲೆ, ಕಲ್ಲಿನ ಅಮ್ಮ ಈಗಲೂ ನಗುತ್ತಿದ್ದಾಳೋ ಇಲ್ಲವೋ, ನೋಡಿ ಹೇಳುವವರು ಆ ಊರಿನಲ್ಲಿ ಯಾರೂ ಇಲ್ಲ.

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮನ್ನು ಆ ತಾಯಿ ತಣ್ಣಗಿಟ್ಟಿರಲಿ. ನಿಮ್ಮ ಮನೆಯ ಮಕ್ಕಳ ಹೊರೆ ಹಗುರವಾಗಲಿ. ಗಾಳಿಪಟ ಹಾರುವಷ್ಟು ಎತ್ತರಕ್ಕೆ ಅವರ ಕಣ್ಣು ಏಳಲಿ.